ಮೂರನೇ ಪ್ರೆಸ್ಸಿನ ಹಾರ

ಅಪ್ಪ ಮಾತು ಬಿಟ್ಟು ಒಂಬತ್ತು ದಿನ ಆಗಿತ್ತು. ಪೂರ್ತಿ ಬಿಟ್ಟಿದ್ದ ಅಂತಲ್ಲ. ನೀರು ಕೊಡು, ಫ್ಯಾನ್ ಹಚ್ಚು, ಬಾಗಿಲು ಹಾಕು, ಇಷ್ಟು ಆಡುತ್ತಿದ್ದ. ಉಳಿದ ಹೊತ್ತು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕೆಳಗೆ ಭೋಸರಿಯ ರಸ್ತೆಯಲ್ಲಿ ಹೋಗುವ ಕಂಪನಿ ಬಸ್ಸುಗಳನ್ನು ನೋಡುತ್ತಿದ್ದ.

ಅವನ ಹೆಸರು ಮಲಕಪ್ಪ. ಇಂಡಿ ತಾಲೂಕಿನಿಂದ ಈ ಮರಾಠಿ ನಾಡಿಗೆ ಬಂದು ಇಪ್ಪತ್ತೆರಡು ವರ್ಷದಿಂದ ಚಾಕಣದ ಒಂದು ಕಾರ್ಖಾನೆಯಲ್ಲಿ ಫಿಟರ್. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ ಅದು. ತಗಡು ಒತ್ತುವ ಯಾವ ಪ್ರೆಸ್ ಕೆಟ್ಟರೂ ಮೊದಲು ಅವನನ್ನೇ ಕರೆಯುತ್ತಿದ್ದರು. ಮಲಕಪ್ಪ ಮಷೀನಿನ ಜೊತೆ ಕನ್ನಡದಲ್ಲಿ ಮಾತಾಡುತ್ತಾನೆ, ಅದು ನಾಚಿಕೊಂಡು ಶುರುವಾಗುತ್ತದೆ ಅಂತ ಅವನ ಜೊತೆಯವರು ನಗುತ್ತಿದ್ದರು.

ದಸರೆಯ ಮರುದಿನ, ಶುಕ್ರವಾರ ಸಂಜೆ ಪಾಳಿಯಲ್ಲಿ, ಮೂರನೇ ಪ್ರೆಸ್ಸಿನಲ್ಲಿ ಅವಧೂತನ ಬಲಗೈಯ ಮೂರು ಬೆರಳು ಹೋದವು.

ಅವಧೂತ ಇಂದಾಪುರದವನು, ಮೂವತ್ತೆರಡು ವಯಸ್ಸು, ಆ ಪ್ರೆಸ್ಸಿನ ಆಪರೇಟರ್. ನಮ್ಮ ಹಿಂದಿನ ಗಲ್ಲಿಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದ. ವಾರಕ್ಕೆ ಎರಡು ಸಲವಾದರೂ ನಮ್ಮ ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ. ಅಪ್ಪನಿಗೆ ಕಾಕಾ ಅನ್ನುತ್ತಿದ್ದ. ಅವ್ವನ ಶೇಂಗಾ ಚಟ್ನಿಯನ್ನು ಡಬ್ಬಿಗೆ ತುಂಬಿಸಿಕೊಳ್ಳದೆ ಎದ್ದವನೇ ಅಲ್ಲ.

ಆ ಪ್ರೆಸ್ಸಿನ ಮುಂದೆ ಎರಡು ಕಂಬ ಇವೆ. ಒಂದರಿಂದ ಇನ್ನೊಂದಕ್ಕೆ ಬೆಳಕು ಹಾಯುತ್ತಿರುತ್ತದೆ. ನಡುವೆ ಕೈ ಬಂದರೆ ಬೆಳಕು ಕಡಿದು ಪ್ರೆಸ್ ತಾನೇ ನಿಲ್ಲುತ್ತದೆ. ಅಪ್ಪ ಅದಕ್ಕೆ ಸೆನ್ಸರ್ ಅಂತಷ್ಟೇ ಅನ್ನುತ್ತಿದ್ದ. ಅಪಘಾತವಾದ ಮೇಲೆ ಕಂಪನಿಯವರು ಪರೀಕ್ಷೆ ಮಾಡಿ ನೋಡಿದರು. ಸೆನ್ಸರ್ ಸರಿಯಾಗಿತ್ತು. ಸೆನ್ಸರ್ ಸರಿ ಇದ್ದೂ ಕೈ ಸಿಕ್ಕಿದೆ ಅಂದರೆ, ಅವಧೂತ ಪಕ್ಕದ ಸಂದಿಯಿಂದ ಕೈ ಹಾಕಿದ್ದಾನೆ ಅಂತ ಬರೆಯುವ ತಯಾರಿ ನಡೆದಿತ್ತು. ಹಾಗೆ ಬರೆದರೆ ತಪ್ಪು ಅವನದಾಗುತ್ತಿತ್ತು. ಬೆರಳಿನ ಜೊತೆ ನೌಕರಿಯೂ ಹೋಗುತ್ತಿತ್ತು. ಸೋಮವಾರ ಹನ್ನೊಂದಕ್ಕೆ ವಿಚಾರಣೆ. ಆ ಪ್ರೆಸ್ ಅಪ್ಪನ ಸುಪರ್ದಿಯಲ್ಲಿತ್ತು, ಹಾಗಾಗಿ ಕೊನೆಯ ಹೇಳಿಕೆ ಅವನದು. ಅಲ್ಲಿಯವರೆಗೆ ಮನೆಯಲ್ಲಿರಲು ಹೇಳಿದ್ದರು.

ಅವ್ವ, ಸಾವಂತ್ರವ್ವ, ದಿನಾ ಅಡಿಗೆಮನೆಯಿಂದ ನನಗೆ ಕಣ್ಸನ್ನೆ ಮಾಡುತ್ತಿದ್ದಳು. ಏನಾದರೂ ಮಾಡಿ ಅವರ ಬಾಯಿ ಬಿಡಿಸು ಅಂತ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ನಮ್ಮ ಮನೆಯಲ್ಲಿ ನಾನು ಉಪ್ಪು ಕೇಳುವುದಾದರೂ ಸಿನಿಮಾ ಖಳನಾಯಕನ ದನಿಯಲ್ಲಿ ಕೇಳುವವನು. ಅಪ್ಪನ ಫೋನಿಗೆ ಕಾರ್ಖಾನೆಯ ಸೈರನ್ ಹಾಕಿ ಅವನು ಊಟದ ತಟ್ಟೆ ಬಿಟ್ಟು ಏಳುವ ಹಾಗೆ ಮಾಡಿದವನು. ಈ ಸಲ ಅವನ ಚಪ್ಪಲಿ ಬಚ್ಚಿಟ್ಟೆ. ಮೊದಲಾಗಿದ್ದರೆ ಮನೆ ತುಂಬ ಬೈಗುಳ ಓಡಾಡುತ್ತಿದ್ದವು. ಅಪ್ಪ ಒಂದು ಸಲ ಮಂಚದ ಕೆಳಗೆ ನೋಡಿದ. ಬರಿಗಾಲಲ್ಲಿ ಹೋಗಿ ಹಾಲು ತಂದ.

ಇನ್ನೊಂದು ವಿಷಯವನ್ನು ನಾನು ನೋಡಿದ್ದೆ, ಆದರೆ ಅದರ ಅರ್ಥ ಹಚ್ಚಿರಲಿಲ್ಲ. ಅಪಘಾತದ ಮರುದಿನ ಅಪ್ಪನ ಅಂಗಿ ಒಗೆಯುವಾಗ ಅವ್ವನಿಗೆ ಕಿಸೆಯಲ್ಲಿ ಒಂದು ಸಣ್ಣ ಕೀಲಿ ಸಿಕ್ಕಿತ್ತು. ಹಳದಿ ಪ್ಲಾಸ್ಟಿಕ್ ಬಿಲ್ಲೆ ಕಟ್ಟಿದ್ದು. ಯಾವುದರದೋ ಏನೋ ಅಂತ ಅವಳು ಅದನ್ನು ದೇವರ ಜಗಲಿಯ ಮೇಲೆ, ವಿಭೂತಿ ಬಟ್ಟಲಿನ ಪಕ್ಕದಲ್ಲಿಟ್ಟಳು. ಕಳೆಯಬಾರದ ವಸ್ತುವನ್ನೆಲ್ಲ ಅವಳು ಅಲ್ಲೇ ಇಡುವುದು. ಆವತ್ತಿನಿಂದ ಅಪ್ಪ ಜಗಲಿಯ ಮುಂದೆ ಕೂತಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿರಲಿಲ್ಲ.

ವಿಚಾರಣೆಯ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ನಾನು ಕಂಪ್ಯೂಟರಿನ ಮುಂದೆ ಕೂತೆ.

ನಾನು ಡಿಪ್ಲೊಮಾ ಎರಡನೇ ವರ್ಷ. ಆದರೆ ಆಟದಲ್ಲಿ ನನ್ನದೇ ಒಂದು ಕಾರ್ಖಾನೆ ಇತ್ತು. ಕಾರ್ಖಾನೆ ಕಟ್ಟಿ ನಡೆಸುವ ಆಟ ಅದು. ಒಂದು ಕಡೆಯಿಂದ ತಗಡಿನ ಸುರುಳಿ ಬರುತ್ತದೆ. ಕತ್ತರಿಸಬೇಕು, ಪ್ರೆಸ್ಸಿನಲ್ಲಿ ಒತ್ತಬೇಕು, ಬೆಸೆಯಬೇಕು, ಬಣ್ಣ ಹೊಡೆದು ಲಾರಿ ತುಂಬಬೇಕು. ಯಂತ್ರ ಸವೆಯುತ್ತದೆ, ಎಣ್ಣೆ ಕೇಳುತ್ತದೆ, ಕೆಡುತ್ತದೆ. ಕೆಲಸಗಾರರಿಗೆ ನಾವೇ ಹೆಸರಿಡಬಹುದು. ಗಣಪತಿ ಹಬ್ಬಕ್ಕೆ ಅವಧೂತ ಮನೆಗೆ ಬಂದಿದ್ದಾಗ ಎಲ್ಲರಿಗೂ ಹೆಸರಿಟ್ಟಿದ್ದೆವು. ಕ್ಯಾಂಟೀನಿನಲ್ಲಿ ಸಾವಂತ್ರವ್ವ. ಫಿಟರ್ ಮಲಕಪ್ಪ. ಪ್ರೆಸ್ಸಿಗೆ ಅವಧೂತ. ತನಗೆ ಮೀಸೆ ಬೇಕೇ ಬೇಕು ಅಂತ ಅವಧೂತ ಹಟ ಹಿಡಿದು ಹಾಕಿಸಿಕೊಂಡಿದ್ದ. ಮಾಲೀಕ ಮಾತ್ರ ನಾನೇ, ಮಾಂತು.

ಆ ವಾರ ಆಟದಲ್ಲಿ ದೀಪಾವಳಿಯ ಅಲಂಕಾರ ಬಿಟ್ಟಿದ್ದರು. ಚೆಂಡುಹೂವಿನ ಹಾರ, ಆಕಾಶಬುಟ್ಟಿ, ದೀಪದ ಸರ. ಯಂತ್ರಕ್ಕೆ ಒಂದೊಂದು ಹಾರ ಹಾಕಿದರೂ ಕೆಲಸಗಾರರ ಉತ್ಸಾಹ ಏರುತ್ತಿತ್ತು, ಅಂಕ ಬರುತ್ತಿತ್ತು. ನಾನು ಎಲ್ಲ ಯಂತ್ರಕ್ಕೂ ಹಾಕಿದೆ. ಅಷ್ಟರಲ್ಲಿ ಪ್ರೆಸ್ ನಿಂತಿತು. ಮೇಲೆ ಕೆಂಪು ದೀಪ.

ಯಂತ್ರ ನಿಂತರೆ ನನ್ನದು ಒಂದೇ ಉಪಾಯ, ಕಂಡದ್ದನ್ನೆಲ್ಲ ಬದಲಿಸುವುದು. ಎಣ್ಣೆ ಹಾಕಿದೆ. ಅಚ್ಚು ಬದಲಿಸಿದೆ. ಮೋಟಾರು ಹೊಸದು ತಂದೆ. ಕಡೆಗೆ ಪ್ರೆಸ್ಸನ್ನೇ ಕಿತ್ತು ಇನ್ನೊಂದನ್ನು ಅದೇ ಜಾಗದಲ್ಲಿ ಕೂರಿಸಿ ಅದಕ್ಕೂ ಹಾರ ಹಾಕಿದೆ. ಅದೂ ಕೆಂಪು. ಹಿಂದಿನಿಂದ ತಗಡು ಬಂದು ಬಂದು ರಾಶಿಯಾಗುತ್ತಿತ್ತು. ಆಗ ನನಗೆ ಹೊಳೆಯಿತು. ಅಪ್ಪನನ್ನು ಎಬ್ಬಿಸಲು ಇದಕ್ಕಿಂತ ಒಳ್ಳೆಯ ನೆವ ಸಿಗುವುದಿಲ್ಲ.

ಕುರ್ಚಿಯ ಮೇಲೆ ಎದ್ದು ನಿಂತು ದೊಡ್ಡ ದನಿ ತೆಗೆದೆ.

"ಏ ಪ್ರೆಸ್ಸೇ, ನಿನ್ನ ಹುಟ್ಟಿಸಿದವ ಜರ್ಮನಿಯಾಗ ಇರಬಹುದು. ನಿನ್ನ ಓಡಸಾಂವ ಭೋಸರಿಯಾಗ ಕಿಟಕಿ ಬಾಜೂಕ ಕುಂತಾನ."

ಅಪ್ಪ ತಿರುಗಿ ನೋಡಲಿಲ್ಲ. ಬಸ್ಸು ನೋಡುತ್ತಲೇ, "ಏನಾಗ್ಯದ?" ಅಂದ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವ್ವ ಕೇಳಿಸಿಕೊಳ್ಳುತ್ತಿದ್ದಳು.

ಮಾಡಿದ್ದನ್ನೆಲ್ಲ ಹೇಳಿದೆ. ಅಪ್ಪ ಎದ್ದು ಬಂದು ನನ್ನ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡ. ಇಷ್ಟು ದುಡ್ಡು ಹಾಳು ಮಾಡಿ ಏನು ಕಲಿತೆ ಅಂತ ಕೇಳಿದ. ಕೆಟ್ಟ ಮಷೀನಿನ ದೀಪ ಎಲ್ಲಿ ಹತ್ತಿದೆಯೋ ಅಲ್ಲಿಂದ ನೋಡಬಾರದು, ಕರೆಂಟು ಎಲ್ಲಿಂದ ಒಳಗೆ ಬರುತ್ತದೋ ಅಲ್ಲಿಂದ ನೋಡುತ್ತ ಬರಬೇಕು ಅಂದ. ಒಂಬತ್ತು ದಿನದಲ್ಲಿ ಅಷ್ಟು ಉದ್ದದ ಮಾತು ಅದೇ ಮೊದಲು.

ಆಮೇಲೆ ಒಂದೊಂದೇ ತೋರಿಸು ಅಂದ. ಮೇನ್ ಸ್ವಿಚ್ ನೋಡಿದೆವು, ಕರೆಂಟು ಇತ್ತು. ಗಾಳಿಯ ಒತ್ತಡ ಸರಿ. ಎಣ್ಣೆ ಸರಿ. ಮೋಟಾರು ತಿರುಗಲು ತಯಾರು, ಆದರೆ ಅದಕ್ಕೆ ಅಪ್ಪಣೆ ಬರುತ್ತಿಲ್ಲ. ಅಪ್ಪಣೆ ಯಾಕೆ ಬರುತ್ತಿಲ್ಲ? ತಗಡು ಸರಿಯಾಗಿ ಕೂತಿದೆಯಾ? ಕೂತಿತ್ತು. ಅವನ ತೋರುಬೆರಳು ಪರದೆಯ ಮೇಲೆ ತಂತಿ ಹೋಗುವ ದಾರಿಯಲ್ಲಿ ನಿಧಾನ ಸರಿಯುತ್ತಿತ್ತು. ಅವನು ಹುಷಾರಿಲ್ಲದ ಮಗುವಿನ ಮೈ ಮುಟ್ಟಿ ನೋಡುವ ಹಾಗೆ ನೋಡುತ್ತಿದ್ದ. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡಿ ತಲೆ ಆಡಿಸಿದಳು, ಹೀಗೇ ನಡೆಸು ಅಂತ.

"ಸೆನ್ಸರ್ ತೋರಿಸು," ಅಂದ ಅಪ್ಪ.

ಹತ್ತಿರ ತಂದೆ. ಎರಡು ಕಂಬ, ಅಪ್ಪನ ಕಾರ್ಖಾನೆಯಲ್ಲಿ ಇದ್ದ ಹಾಗೇ.

"ಇದರ ಮುಂದ ಏನೋ ಅಡ್ಡ ಬಂದದ. ಈ ಕಡಿಂದ ಕಾಣಂಗಿಲ್ಲ. ತಿರುಗ್ಸು."

ತಿರುಗಿಸಿದೆ. ನಾನು ಹಾಕಿದ್ದ ಚೆಂಡುಹೂವಿನ ಹಾರ ಪ್ರೆಸ್ಸಿನ ತಲೆಯಿಂದ ಇಳಿದು ಎರಡು ಕಂಬದ ನಡುವೆ ಜೋತುಬಿದ್ದಿತ್ತು. ಬೆಳಕು ಹಾರಕ್ಕೆ ತಾಗಿ ಕಡಿಯುತ್ತಿತ್ತು. ಇಷ್ಟೇ. ಇದಕ್ಕೆ ನಾನು ಒಂದು ಹೊಸ ಪ್ರೆಸ್ ತಂದಿದ್ದೆ.

ನನಗೆ ನಗು ತಡೆಯಲಿಲ್ಲ. ಅಪ್ಪನ ಭುಜ ತಟ್ಟಿ, ನೀನಿಲ್ಲದಿದ್ದರೆ ನನ್ನ ಸಾಮ್ರಾಜ್ಯ ಮುಳುಗುತ್ತಿತ್ತು ಅಂತ ಏನೋ ಡೈಲಾಗ್ ಹೊಡೆದೆ. ಅವನು ನಗಲಿಲ್ಲ. ಹಾರವನ್ನೇ ನೋಡುತ್ತಿದ್ದ. ನಾನು ಅದನ್ನು ಆಮೇಲೆ ನೆನೆಸಿಕೊಂಡೆ. ಆಗ ನನ್ನ ಕಣ್ಣು ಪರದೆಯ ಮೇಲಿತ್ತು. ಲಾರಿ ಹೊರಡಲು ಎರಡು ನಿಮಿಷ ಉಳಿದಿತ್ತು. ಹಾರ ತೆಗೆದರೆ ಹಬ್ಬದ ಅಂಕ ಹೋಗುತ್ತಿತ್ತು. ಪಕ್ಕದಲ್ಲೇ ಇನ್ನೊಂದು ಗುಂಡಿ ಇತ್ತು. ಸೆನ್ಸರನ್ನು ಬೈಪಾಸ್ ಮಾಡುವುದು, ಅಂದರೆ ಅದರ ಮಾತು ಕೇಳದೆ ಪ್ರೆಸ್ ಓಡಿಸುವುದು. ಒತ್ತಿದೆ.

ಪ್ರೆಸ್ ಶುರುವಾಯಿತು. ಧಡ್, ಧಡ್. ರಾಶಿ ಕರಗತೊಡಗಿತು.

"ಬ್ಯಾಡ," ಅಂದ ಅಪ್ಪ.

"ಇಷ್ಟು ಲಾರಿ ತುಂಬ್ಲಿ, ಆಮ್ಯಾಲ ತಗೀತೀನಿ."

"ಮಾಂತು, ಬ್ಯಾಡ. ನಿಲ್ಲಸು."

ಅವನು ನನ್ನ ಮಣಿಕಟ್ಟು ಹಿಡಿದ. ನೋಯುವಷ್ಟು ಗಟ್ಟಿ. ನಾನು ಅವನ ಮುಖ ನೋಡಿದೆ, ನಗು ಅಲ್ಲೇ ಸತ್ತಿತು. ಅಷ್ಟರಲ್ಲಿ ಟಿಣ್ ಅಂತ ಸದ್ದಾಯಿತು. ಪರದೆಯ ಮೂಲೆಯಲ್ಲಿ ಸಣ್ಣ ಚೌಕ ತೆರೆಯಿತು. ಮೀಸೆಯ ಮುಖ. ಕೆಳಗೆ ಒಂದು ಸಾಲು: ಪ್ರೆಸ್ ಆಪರೇಟರ್ ಅವಧೂತನಿಗೆ ಗಾಯ. ಕೆಲಸಕ್ಕೆ ಗೈರು.

ಫ್ಯಾನ್ ತಿರುಗುತ್ತಿತ್ತು. ನಾನು ಬಂದ್ ಮಾಡಲು ಕೈ ಚಾಚಿದೆ.

"ಇರ್ಲಿ," ಅಂದ ಅಪ್ಪ. ಮಣಿಕಟ್ಟು ಬಿಟ್ಟ. "ಹಿಂಗೇ ಆತು. ಅಲ್ಲೀನೂ ಹಿಂಗೇ ಆತು."

ಆಮೇಲೆ ಅವನು ಹೇಳಿದ. ಪರದೆಯ ಕಡೆ ನೋಡುತ್ತ, ತಪ್ಪು ಎಲ್ಲಿದೆ ಅಂತ ಹುಡುಕುವಾಗ ಹೇಳುವ ಹಾಗೇ, ಒಂದಾದ ಮೇಲೆ ಒಂದು.

ಆಯುಧಪೂಜೆಯ ಖಂಡೇನವಮಿ ಬುಧವಾರ ಬಂದಿತ್ತು. ಬೆಳಿಗ್ಗೆ ಎಲ್ಲ ಮಷೀನಿಗೂ ಪೂಜೆ ಮಾಡಿ, ಕುಂಕುಮ ಹಚ್ಚಿ, ಹಾರ ಹಾಕಿದರು. ಪೂಜೆಯಾದ ಮಷೀನನ್ನು ಆವತ್ತು ಓಡಿಸುವುದಿಲ್ಲ, ಮರುದಿನದವರೆಗೆ ಹಾರ ತೆಗೆಯುವುದಿಲ್ಲ. ಇದು ಅಲ್ಲಿನ ರೂಢಿ, ನಮ್ಮೂರಿನ ರೂಢಿಯೂ ಹೌದು. ಮಧ್ಯಾಹ್ನ ಒಂದು ಅರ್ಜೆಂಟ್ ಬೇಡಿಕೆ ಬಂತು. ಮೂರನೇ ಪ್ರೆಸ್ಸಿನಲ್ಲಿ ಎರಡು ತಾಸಿನ ಕೆಲಸ. ಓಡಿಸು ಅಂತಷ್ಟೇ ಮೇಲಿನವರು ಹೇಳಿದರು. ಒತ್ತಿದರೆ ಓಡಲಿಲ್ಲ. ಹಾರ ಸೆನ್ಸರಿಗೆ ಅಡ್ಡ ಬಂದಿತ್ತು. ಅಪ್ಪನಿಗೆ ಒಂದೇ ಕ್ಷಣದಲ್ಲಿ ಗೊತ್ತಾಗಿತ್ತು.

ಕೈ ಎತ್ತಿ ಹಾರ ಪಕ್ಕಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಅವನ ಕೈ ಏಳಲಿಲ್ಲ. ಮೊದಲೇ ಪೂಜೆಯಾದ ಮಷೀನನ್ನು ಓಡಿಸುತ್ತಿದ್ದೇವೆ, ಹಾರಕ್ಕೂ ಕೈ ಹಚ್ಚುವುದು ಬೇಡ, ಮಷೀನಿನ ಮೇಲೆ ಕೈ ಹಾಕಿ ದುಡಿಯುವ ಮಂದಿಗೆ ಏನಾದರೂ ಕೇಡಾದೀತು ಅಂತ ಅವನಿಗೆ ಅನಿಸಿತು. ಪ್ರೆಸ್ಸಿನ ಸ್ವಿಚ್ ಪೆಟ್ಟಿಗೆಯಲ್ಲಿ, ಅಂದರೆ ಪ್ಯಾನೆಲ್ಲಿನಲ್ಲಿ, ಬೈಪಾಸ್ ಮಾಡುವ ಬೀಗ ಇರುತ್ತದೆ, ಅದರ ಕೀಲಿ ಫಿಟರ್ ಹತ್ತಿರ ಮಾತ್ರ. ಅದನ್ನು ತಿರುಗಿಸಿದ. ಕಳೆಯಬಾರದು ಅಂತ ಕೀಲಿ ಕಿತ್ತು ಕಿಸೆಗೆ ಹಾಕಿಕೊಂಡ. ಕೆಲಸ ಮುಗಿಯಿತು, ಕೀಲಿಯನ್ನು ಹಿಂದಕ್ಕೆ ತಿರುಗಿಸಲಿಲ್ಲ. ಗುರುವಾರ ದಸರೆಯ ರಜೆ. ಶುಕ್ರವಾರ ಮೊದಲ ಪಾಳಿಯವರು ಒಣಗಿದ ಹಾರ ತೆಗೆದು ಪ್ರೆಸ್ ಶುರು ಮಾಡಿದರು. ಸೆನ್ಸರ್ ಸತ್ತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಪಾಳಿಗೆ ಹೋದ ಅಪ್ಪನೂ ಮರೆತಿದ್ದ. ಕೀಲಿ ಅವನ ಎದೆಯ ಮೇಲೇ ಇತ್ತು.

ಸಂಜೆ ಒಂದು ತುಂಡು ಅಚ್ಚಿನಲ್ಲಿ ಸಿಕ್ಕಿಹಾಕಿಕೊಂಡಿತು. ಅವಧೂತ ದಿನಾ ಮಾಡುವ ಹಾಗೆ ಎದುರಿನಿಂದಲೇ ಕೈ ಹಾಕಿದ. ದಿನಾ ಪ್ರೆಸ್ ನಿಲ್ಲುತ್ತಿತ್ತು.

"ಅವನ ಒದರಾಟ ಕೇಳಿ ಓಡಿದೆ," ಅಂದ ಅಪ್ಪ. ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ. "ಓಡಿ ಹೋಗಿ ಮೊದಲ ಪ್ಯಾನೆಲ್ ಕಡೆ ಹೋದೆ. ಕೀಲಿ ಹಾಕಿ ತಿರುಗ್ಸಿದೆ, ಮದಲಿನಂಗ ಮಾಡ್ದೆ. ಆಮ್ಯಾಲ ಅವನ ಕಡೆ ಹೋದೆ. ಕಾಕಾ, ಕಾಕಾ ಅನ್ಲಿಕ್ಕಿ ಹತ್ತಿದ್ದ. ನಾ ಮೊದಲ ಕೀಲಿ ತಿರುಗ್ಸಿದೆ."

ಅದಕ್ಕೇ ಪರೀಕ್ಷೆ ಮಾಡಿದಾಗ ಸೆನ್ಸರ್ ಸರಿ ಇತ್ತು.

ಇದನ್ನು ಹೇಳಿದರೆ ಅಪ್ಪನ ನೌಕರಿ ಹೋಗಬಹುದು ಅಂತ ನನಗೆ ತಕ್ಷಣ ಗೊತ್ತಾಯಿತು. ಐವತ್ತಮೂರು ವಯಸ್ಸಿನ ಫಿಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅದೇ ಮಾತನ್ನು ಬಾಯಿ ಬಿಟ್ಟು ಅಂದೆ. ಹೇಳಲೇಬೇಕು ಅಂತ ಏನಿದೆ, ಹೇಳಿದರೆ ಅವಧೂತನ ಬೆರಳು ಬರುತ್ತವಾ ಅಂತಲೂ ಅಂದೆ. ನಾನು ಹಾಗೆ ಅಂದದ್ದು ನಿಜ. ಬರೆಯುವಾಗ ಅದನ್ನು ಬಿಡಬಾರದು.

ಅವ್ವ ಬಾಗಿಲಿನಿಂದ ಸರಿದಳು. ಜಗಲಿಯ ಹತ್ತಿರ ಹೋಗಿ, ವಿಭೂತಿ ಬಟ್ಟಲಿನ ಪಕ್ಕದಿಂದ ಕೀಲಿ ತೆಗೆದುಕೊಂಡು ಬಂದಳು. ಕೀಬೋರ್ಡಿನ ಮೇಲೆ, ಅಪ್ಪನ ಮುಂದೆ ಇಟ್ಟಳು.

"ಇದು ದೇವರ ಮುಂದ ಇಡೂ ವಸ್ತು ಅಲ್ಲರಿ," ಅಂದಳು. "ನಾ ತಿಳೀದ ಇಟ್ಟೆ. ತಗೋರಿ."

ಅಡಿಗೆಮನೆಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು.

ಸೋಮವಾರ ಅಪ್ಪನನ್ನು ಬೈಕಿನ ಮೇಲೆ ನಾನೇ ಕರೆದುಕೊಂಡು ಹೋದೆ. ಅವನು ಬೆಳಿಗ್ಗೆ ಜಗಲಿಯ ಮುಂದೆ ಕೂತು ಎದ್ದಿದ್ದ. ಹಣೆಯಲ್ಲಿ ವಿಭೂತಿ ಇತ್ತು. ಮೋಶಿ ದಾಟಿದ ಮೇಲೆ ನಾಸಿಕ್ ರಸ್ತೆಯಲ್ಲಿ ಎಂದಿನ ಹಾಗೆ ಗಾಡಿಗಳು ನಿಂತಿದ್ದವು. ಕಂಟೇನರ್ ಲಾರಿಗಳ ನಡುವೆ ಕಾಲು ಊರಿ ನಿಂತಾಗ ಹಿಂದಿನಿಂದ ಅಪ್ಪ ಅಂದ:

"ಏನರ ಡೈಲಾಗ್ ಹೇಳೊ."

ಅವನು ಎಂದೂ ಕೇಳಿದವನಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. ಈ ಟ್ರಾಫಿಕ್ಕಿಗೆ ಗೊತ್ತಿಲ್ಲ, ಬೈಕಿನ ಹಿಂದೆ ಕೂತವನು ಯಾರು ಅಂತ. ಅಪ್ಪ ಹೂಂ ಅಂದ, ಚೆನ್ನಾಗಿದೆ ಅನ್ನುವ ಹಾಗೆ.

ಕಾರ್ಖಾನೆಯ ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ಅವಧೂತ ಕೂತಿದ್ದ. ಆಸ್ಪತ್ರೆಯಿಂದ ಊರಿಗೆ ಹೋಗಿದ್ದವನು ನಸುಕಿನ ಸರಕಾರಿ ಎಸ್.ಟಿ. ಬಸ್ಸಿಗೆ ಇಂದಾಪುರದಿಂದ ಬಂದಿದ್ದ. ಬಲಗೈ ಬಿಳಿ ಬಟ್ಟೆಯ ದೊಡ್ಡ ಗಂಟು. ಪಕ್ಕದಲ್ಲಿ ಅವನ ತಾಯಿ ರಂಗೂಬಾಯಿ, ತಟ್ಟೆಗೆ ಚಹಾ ಸುರಿದು ಆರಿಸಿ ಮಗನ ಬಾಯಿಗೆ ಹಿಡಿಯುತ್ತಿದ್ದಳು. ನಮ್ಮನ್ನು ನೋಡಿ ಅವಧೂತ ಎದ್ದ. ಎಡಗೈಯಿಂದ ಬೆಂಚಿನ ಮೇಲೆ ಜಾಗ ಮಾಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಪ್ರೆಸ್ ಯಾಕೆ ನಿಲ್ಲಲಿಲ್ಲ ಅಂತ ಹತ್ತು ದಿನದಿಂದ ಯೋಚಿಸುತ್ತಿದ್ದೇನೆ, ನನ್ನದೇ ಏನೋ ತಪ್ಪಾಗಿರಬೇಕು ಅಂತ ಅಪ್ಪನಿಗೆ ಮರಾಠಿಯಲ್ಲಿ ಹೇಳುತ್ತಿದ್ದ.

ಅಪ್ಪ ಕೂರಲಿಲ್ಲ. ನಿಂತುಕೊಂಡೇ ಹೇಳಿದ. ಅವನ ಮರಾಠಿ ಅಷ್ಟಕ್ಕಷ್ಟೆ, ನಡುನಡುವೆ ಕನ್ನಡ ಬರುತ್ತಿತ್ತು. ಆದರೆ ಏನನ್ನೂ ಬಿಡಲಿಲ್ಲ. ಮೊದಲು ಕೀಲಿ ತಿರುಗಿಸಿದ್ದನ್ನೂ, ಆಮೇಲೆ ಅವನ ಹತ್ತಿರ ಬಂದದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಕೀಲಿಯನ್ನು ಬೆಂಚಿನ ಮೇಲಿಟ್ಟ.

ರಂಗೂಬಾಯಿಯ ಕೈಯಲ್ಲಿದ್ದ ತಟ್ಟೆ ಹಾಗೇ ಇತ್ತು. ಅವಧೂತ ಕೀಲಿಯನ್ನು ನೋಡಿದ.

"ಕಾಕಾ," ಅಂದ ಮರಾಠಿಯಲ್ಲಿ, "ಹಾರ ತೆಗೆದಿದ್ದರೆ?"

"ಹೌದು," ಅಂದ ಅಪ್ಪ. "ತೆಗೆದಿದ್ದರ ಸಾಕಿತ್ತು."

ಅವಧೂತ ಎಡಗೈಯಿಂದ ಕೀಲಿ ಎತ್ತಿಕೊಂಡ. ಸರಿಯಾಗಿ ಹಿಡಿಯಲು ಎರಡು ಸಲ ಪ್ರಯತ್ನಿಸಬೇಕಾಯಿತು. ಮೂವರೂ ಗೇಟಿನ ಕಡೆ ನಡೆದರು. ಮುಂದೆ ಅವಧೂತ, ಅವನ ಹಿಂದೆ ತಾಯಿ, ನಾಲ್ಕು ಹೆಜ್ಜೆ ಬಿಟ್ಟು ಅಪ್ಪ. ಕಾವಲುಗಾರ ದಿನಾ ನೋಡುವ ಅಪ್ಪನಿಗೂ ಆವತ್ತು ಹೊರಗಿನವರ ಪಾಸ್ ಬರೆದುಕೊಟ್ಟ.

ಒಂದೂವರೆಗೆ ಹೊರಗೆ ಬಂದರು. ಒಳಗೆ ಹೋಗುವಾಗ ಅಪ್ಪನ ಕೊರಳಲ್ಲಿದ್ದ ಗುರುತಿನ ಚೀಟಿ ಈಗ ಇರಲಿಲ್ಲ. ಹೇಳಿಕೆ ಬರೆದುಕೊಂಡರು, ಸಹಿ ಮಾಡಿದೆ ಅಂದ. ಅವಧೂತನ ತಪ್ಪಿಲ್ಲ ಅಂತ ಬರೆದಿದ್ದಾರೆ, ಓದಿಸಿ ಕೇಳಿಕೊಂಡೇ ಸಹಿ ಮಾಡಿದ್ದೇನೆ ಅಂದ. ವಾಸಿಯಾದ ಮೇಲೆ ಅವನಿಗೆ ತಪಾಸಣೆಯ ಮೇಜಿನ ಕೆಲಸ ಕೊಡುತ್ತಾರಂತೆ. ತನ್ನದು ಏನಾಯಿತು ಅಂತ ಅವನು ಹೇಳಲಿಲ್ಲ. ಬರಿ ಕೊರಳು ನೋಡಿದರೆ ಗೊತ್ತಾಗುತ್ತಿತ್ತು.

ಬಸ್ ಸ್ಟ್ಯಾಂಡಿನವರೆಗೆ ರಿಕ್ಷಾ ಮಾಡಿಕೊಡುತ್ತೇನೆ ಅಂತ ಅಪ್ಪ ಅಂದ. ರಂಗೂಬಾಯಿ ಬೇಡ ಅಂದಳು. ಸಿಟ್ಟಿನಿಂದಲ್ಲ, ಆದರೆ ಅವನ ಮುಖ ನೋಡಿ ಅನ್ನಲಿಲ್ಲ. ಅವಳು ರಸ್ತೆ ದಾಟತೊಡಗಿದಳು. ಅವಧೂತ ಅವಳ ಹಿಂದೆ ಎರಡು ಹೆಜ್ಜೆ ಇಟ್ಟವನು ನನ್ನ ಬೈಕಿನ ಹತ್ತಿರ ತಿರುಗಿ ಬಂದ. ನಮ್ಮ ಮನೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದ.

"ನಿನ್ನ ಆಟದಾಗ ನಾ ಇನ್ನೂ ಅದೀನೇನು?"

"ಅದೀಯಣ್ಣ. ರಜಾದಾಗ ಅದೀ."

ಅವನು ತಲೆ ಆಡಿಸಿದ. ಬಿಳಿ ಗಂಟಿನ ಕೈಯನ್ನು ಎದೆಗೆ ಒತ್ತಿಕೊಂಡು ಯೋಚಿಸಿದ.

"ಹೆಸರು ತೆಗೀಬ್ಯಾಡ," ಅಂದ. "ಬ್ಯಾರೆ ಕೆಲಸಕ್ಕ ಹಾಕು."

ಅಪ್ಪನ ಕಡೆ ನೋಡದೆ ಹೋದ. ಅಪ್ಪ ಅವನು ರಸ್ತೆಯಾಚೆ ಬಸ್ಸು ಹತ್ತುವವರೆಗೂ ಬೈಕಿನ ಪಕ್ಕದಲ್ಲಿ ನಿಂತಿದ್ದ. ನಾನು ಕಿಕ್ ಹೊಡೆಯಲಿಲ್ಲ.

ಸಂಜೆ ಆಟ ತೆರೆದೆ. ಪ್ರೆಸ್ ಇನ್ನೂ ಓಡುತ್ತಿತ್ತು, ಬೈಪಾಸ್ ಹಾಕಿದ್ದು ಹಾಕಿದ ಹಾಗೇ, ಮುಂದೆ ಯಾರೂ ಇಲ್ಲದೆ. ನಿಲ್ಲಿಸಿ ಬೈಪಾಸ್ ತೆಗೆದೆ. ಮೀಸೆಯವನನ್ನು ತಪಾಸಣೆಯ ಮೇಜಿಗೆ ಹಾಕಿದೆ. ಅಪ್ಪ ಸ್ಟೂಲ್ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ. ನಾನು ಮೇನ್ ಸ್ವಿಚ್ಚಿನಿಂದ ಶುರು ಮಾಡಿ ಒಂದೊಂದೇ ನೋಡುತ್ತ ಬಂದೆ. ಗಾಳಿ, ಎಣ್ಣೆ, ಮೋಟಾರು, ತಗಡು. ಸೆನ್ಸರಿನ ಹತ್ತಿರ ಬಂದಾಗ ಮೌಸ್ ಅವನ ಕಡೆ ಸರಿಸಿದೆ. ಹಾರವನ್ನು ಅವನೇ ತೆಗೆದ.